ಒಂದೇ ಸಾಲಿನ ಹಾಡು: ‘ಆಸಿಡ್ ಟ್ರ್ಯಾಕ್ಸ್’ ವ್ಯಾಖ್ಯಾನ

ಫ್ಯೂಚರ್ ಎಂಬ ಮೂವರ ತಂಡದ ‘ಆಸಿಡ್ ಟ್ರ್ಯಾಕ್ಸ್’ 1987ರಲ್ಲಿ ಶಿಕಾಗೊದ ಟ್ರ್ಯಾಕ್ಸ್ ರೆಕಾರ್ಡ್ಸ್ ಕಂಪನಿಯಿಂದ 12 ಇಂಚಿನ ಸಿಂಗಲ್ ಆಗಿ ಹೊರಬಂತು. ಹನ್ನೊಂದು ನಿಮಿಷಕ್ಕೂ ಮಿಕ್ಕಿ ಓಡುವ ಈ ಹಾಡಿಗೆ ಸಾಹಿತ್ಯವಿಲ್ಲ. ಪಲ್ಲವಿ, ಚರಣಗಳಿಲ್ಲ. ಒಂದು ಡ್ರಮ್ ಮಷೀನಿನ ಬಡಿತ, ಅದರ ಮೇಲೆ ಸಿಂಥಸೈಜರಿನ ಒಂದು ಬೇಸ್ ಸಾಲು, ಅಷ್ಟೆ. ಗಮಕ ವಾಚನದಲ್ಲಿ ಪದ್ಯದ ಸಾಲನ್ನು ಎರಡು ಮೂರು ಸಲ ಹಾಡಿಸಿಕೊಂಡು ಆಮೇಲೆ ವ್ಯಾಖ್ಯಾನಕಾರರು ಅರ್ಥ ಬಿಡಿಸುತ್ತಾರೆ. ಇಲ್ಲಿ ಹಾಡು ತನ್ನ ಒಂದೇ ಸಾಲನ್ನು 300ಕ್ಕೂ ಹೆಚ್ಚು ಸಲ ನುಡಿಯುತ್ತದೆ, ನುಡಿಯುತ್ತಲೇ ತನ್ನ ಅರ್ಥವನ್ನು ತಾನೇ ಬಿಡಿಸುತ್ತದೆ. ಆ ಸಾಲನ್ನು ಹಿಡಿದೇ ಈ ವ್ಯಾಖ್ಯಾನ.

ಬಡಿತದ ಸಾಲು

ಇದು ಬೇಗ ಅರ್ಥವಾಗುವ ಸಾಲು. ಕಿಕ್ ಡ್ರಮ್ ಆವರ್ತಕ್ಕೆ ನಾಲ್ಕು ಸಲ, ಎಲ್ಲೂ ತಪ್ಪದೆ ಬೀಳುತ್ತದೆ. ಈ ನಡೆ ಡಿಸ್ಕೊದಿಂದ ಬಂದದ್ದು. 1979ರ ಜುಲೈ 12ರಂದು ಇದೇ ಶಿಕಾಗೊದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ, ಎರಡು ಪಂದ್ಯಗಳ ನಡುವೆ, ರಾಶಿ ರಾಶಿ ಡಿಸ್ಕೊ ರೆಕಾರ್ಡುಗಳನ್ನು ಸ್ಫೋಟಿಸಿ ಡಿಸ್ಕೊ ಸತ್ತಿತೆಂದು ಸಾರಿದ್ದರು. ಆದರೆ ಅದೇ ಊರಿನ ಕಪ್ಪು ಜನರ, ಸಲಿಂಗಿಗಳ ಕ್ಲಬ್ಬುಗಳಲ್ಲಿ ಆ ನಾಲ್ಕು ಬಡಿತ ನಿಲ್ಲಲೇ ಇಲ್ಲ. ಫ್ರಾಂಕಿ ನಕಲ್ಸ್ ಡಿಜೆಯಾಗಿದ್ದ ವೇರ್‌ಹೌಸ್ ಕ್ಲಬ್ಬಿನಿಂದ ‘ಹೌಸ್’ ಸಂಗೀತಕ್ಕೆ ಹೆಸರು ಬಂತು. ಆರ್ಕೆಸ್ಟ್ರಾ ಕೂರಿಸುವಷ್ಟು ಹಣವಿಲ್ಲದ ಹುಡುಗರು ಡ್ರಮ್ ಮಷೀನು ತಂದು ಮನೆಯಲ್ಲೇ ಹಾಡು ಕಟ್ಟತೊಡಗಿದರು. ಡಿಜೆ ಪಿಯರ್, ಸ್ಪ್ಯಾಂಕಿ, ಹರ್ಬ್ ಜೆ ಎಂಬ ಫ್ಯೂಚರ್‌ನ ಮೂವರೂ ಅಂಥ ಹುಡುಗರೇ.

ವೇಗದ ವಿಷಯ ಇಲ್ಲೇ ಹೇಳಿಬಿಡಬೇಕು. ಮೂವರು ಮೊದಲು ಟೇಪಿಗೆ ಇಳಿಸಿದಾಗ ಹಾಡು ನಿಮಿಷಕ್ಕೆ ಸುಮಾರು 125 ಬಡಿತದಲ್ಲಿ ಓಡುತ್ತಿತ್ತು. ರೆಕಾರ್ಡಿಗೆ ನಿರ್ಮಾಪಕನಾಗಿ ಬಂದ ಮಾರ್ಷಲ್ ಜೆಫರ್ಸನ್ ಅದನ್ನು 120ಕ್ಕೆ ಇಳಿಸಿದ. ಇಡೀ ರೆಕಾರ್ಡಿನಲ್ಲಿ ತೆಗೆದುಕೊಂಡ ಅತ್ಯಂತ ಒಳ್ಳೆಯ ತೀರ್ಮಾನ ಇದೇ ಎಂದು ನನ್ನ ಎಣಿಕೆ. 120ರಲ್ಲಿ ಒಂದು ಆವರ್ತಕ್ಕೆ ಸರಿಯಾಗಿ 2 ಸೆಕೆಂಡು. ಮುಂದಿನ ಸಾಲಿನಲ್ಲಿ ಏನು ನಡೆಯುತ್ತಿದೆ ಎಂದು ಕಿವಿಗೆ ಹಿಡಿಯಲು ಅಷ್ಟು ಬಿಡುವು ಬೇಕೇ ಬೇಕು.

ಬೇಸ್ ಸಾಲು

ಈ ಸಾಲು ನುಡಿಯುವುದು ರೋಲೆಂಡ್ ಟಿಬಿ-303. ಜಪಾನಿನ ರೋಲೆಂಡ್ ಕಂಪನಿಗಾಗಿ ಇದನ್ನು ವಿನ್ಯಾಸ ಮಾಡಿದವರು ತದಾವೊ ಕಿಕುಮೋಟೊ. ಬೆಳ್ಳಿ ಬಣ್ಣದ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ, ಬ್ಯಾಟರಿಯಲ್ಲೂ ನಡೆಯುತ್ತದೆ. ಜೊತೆಗಾರರಿಲ್ಲದೆ ಒಬ್ಬನೇ ಅಭ್ಯಾಸಕ್ಕೆ ಕೂತ ಗಿಟಾರ್ ವಾದಕನಿಗೆ ಹಿನ್ನೆಲೆಯಲ್ಲಿ ಬೇಸ್ ಗಿಟಾರ್ ನುಡಿಸಿಕೊಡುವುದು ಅದರ ಕೆಲಸ. ಆ ಕೆಲಸ ಅದರಿಂದ ಆಗಲಿಲ್ಲ. ಬೇಸ್ ಗಿಟಾರಿನ ಸದ್ದಿಗೂ ಅದರ ಸದ್ದಿಗೂ ಹೋಲಿಕೆಯೇ ಇರಲಿಲ್ಲ. ಸಾಲು ತುಂಬಿಸುವುದೂ ತಲೆನೋವು: ಸ್ವರಗಳನ್ನು ಒಂದು ಸಲ, ಅವುಗಳ ಕಾಲವನ್ನು ಇನ್ನೊಂದು ಸಲ, ಬೇರೆ ಬೇರೆಯಾಗಿ ಒತ್ತಬೇಕು. ಸುಮಾರು 10,000 ಪೆಟ್ಟಿಗೆ ಮಾಡಿ 1984ರ ಹೊತ್ತಿಗೆ ಕಂಪನಿ ತಯಾರಿಕೆ ನಿಲ್ಲಿಸಿತು. ಉಳಿದವು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗವಾಗಿ ಬಿದ್ದಿದ್ದವು. ಸ್ಪ್ಯಾಂಕಿಯ ಕೈಗೆ ಸಿಕ್ಕಿದ್ದು ಹಾಗೆ.

ಸಾಲಿನ ಕಟ್ಟು ಹೀಗಿದೆ. ಆವರ್ತವನ್ನು 16 ಮನೆಗಳಾಗಿ ಒಡೆದು, ಪ್ರತಿ ಮನೆಯಲ್ಲಿ ಒಂದು ಸ್ವರ ಅಥವಾ ಒಂದು ಮೌನ ಇಡಬೇಕು. ಬೇಕಾದ ಮನೆಗೆ ಒತ್ತು ಕೊಡಬಹುದು. ಒಂದು ಸ್ವರದಿಂದ ಮುಂದಿನದಕ್ಕೆ ಜಾರುವಂತೆಯೂ ಮಾಡಬಹುದು. ಮಷೀನಿನ ನೆನಪಿನಲ್ಲಿ ಉಳಿಯುವುದು ಇಷ್ಟೇ. ಮೇಲ್ಗಡೆ ಸಾಲಾಗಿ ಆರು ಸಣ್ಣ ನಾಬ್‌ಗಳಿವೆ, ಅವು ಯಾವ ಕ್ಷಣದಲ್ಲಿ ಎಷ್ಟು ತಿರುಗಿದ್ದವು ಎಂಬುದನ್ನು ಅದು ನೆನಪಿಡುವುದಿಲ್ಲ. ಹಾಡಿನ ಸ್ವರಗಳು ಮಷೀನಿನವು, ಬಣ್ಣ ಮಾತ್ರ ಕೈಯದು. ಸ್ಪ್ಯಾಂಕಿ ಬಡಿತ ಹಾಕಿ ಪೆಟ್ಟಿಗೆ ಓಡಿಸುತ್ತಿದ್ದಾಗ ಪಿಯರ್ ಸುಮ್ಮನೆ ನಾಬ್‌ಗಳನ್ನು ತಿರುಗಿಸತೊಡಗಿದ, ತಿರುಗಿಸುತ್ತಲೇ ಇದ್ದ. ಆ ತಿರುಗಾಟವೇ ಈ ಹಾಡು.

ಅದೇ ಸಾಲು, ನಾಬ್ ತಿರುಗಿದಾಗ

ವ್ಯಾಖ್ಯಾನದ ತಿರುಳು ಇಲ್ಲಿದೆ. ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ನಿಮಗೆ ಹೊಂದುವ ಒಂದು ಶ್ರುತಿ ಹಿಡಿದು, ಶ್ರುತಿ ಕದಲದಂತೆ ‘ಊ’ ಎನ್ನಿ. ಉಸಿರು ಕಡಿಯದೆ ಮೆಲ್ಲಗೆ ‘ಓ’ಗೆ, ‘ಆ’ಗೆ, ‘ಏ’ಗೆ, ‘ಈ’ಗೆ ಬನ್ನಿ. ಷಡ್ಜ ಷಡ್ಜವಾಗಿಯೇ ಉಳಿಯಿತು, ಆದರೂ ಐದು ಬೇರೆ ಸದ್ದು ಕೇಳಿದವು. ಗಂಟಲು ಕೊಟ್ಟ ನಾದದಲ್ಲಿ ಮೇಲಿನ ಎಳೆಗಳು ಹಲವು ಇರುತ್ತವೆ. ಬಾಯಿ ತನ್ನ ಆಕಾರ ಬದಲಿಸಿ ಅವುಗಳಲ್ಲಿ ಕೆಲವನ್ನು ಎತ್ತಿ, ಕೆಲವನ್ನು ಅಡಗಿಸುತ್ತದೆ. 303ರ ಒಳಗಿನ ಫಿಲ್ಟರ್ ಮಾಡುವುದೂ ಇದನ್ನೇ.

‘ಕಟ್ ಆಫ್’ ಎಂಬ ನಾಬ್ ಎಡಕ್ಕೆ ತಿರುಗಿದಷ್ಟೂ ಮೇಲಿನ ಎಳೆಗಳು ಅಡಗಿ, ಸಾಲು ‘ಊ’ ಎಂದು ಮೊಂಡಾಗಿ ಗೊಣಗುತ್ತದೆ. ಬಲಕ್ಕೆ ತಿರುಗಿದಂತೆ ಬಾಯಿ ತೆರೆಯುತ್ತದೆ. ‘ರೆಸೊನೆನ್ಸ್’ ಎಂಬುದು, ಆ ಕಡಿತ ಬೀಳುವ ಜಾಗದ ಎಳೆಯನ್ನೇ ಹಿಡಿದು ಉಬ್ಬಿಸುತ್ತದೆ. ಇದನ್ನು ಏರಿಸಿದಾಗ ಸದ್ದಿಗೆ ಒಂದು ಮೊನೆ ಬರುತ್ತದೆ, ಒದ್ದೆಯಾದ ಕೀರಲು ಬರುತ್ತದೆ. ಆಸಿಡ್ ಸದ್ದು ಎಂದು ಲೋಕ ಗುರುತಿಸುವುದು ಈ ಕೀರಲನ್ನು. ‘ಡಿಕೇ’ ನಾಬ್ ಪ್ರತಿ ಸ್ವರ ಎಷ್ಟು ಬೇಗ ಬಾಯಿ ಮುಚ್ಚಿಕೊಳ್ಳಬೇಕು ಎಂದು ಹೇಳುತ್ತದೆ. ಚಿಕ್ಕದಾಗಿಟ್ಟರೆ ಹನಿ ಹನಿಯಾಗಿ ಉದುರುತ್ತದೆ, ಉದ್ದಕ್ಕಿಟ್ಟರೆ ಒಂದರ ಬಾಲ ಇನ್ನೊಂದಕ್ಕೆ ತಾಗುತ್ತದೆ. ‘ಆಕ್ಸೆಂಟ್’ ಹೆಚ್ಚಿಸಿದರೆ ಒತ್ತು ಬಿದ್ದ ಮನೆಗಳು ಜೋರಾಗುವುದಷ್ಟೇ ಅಲ್ಲ, ಅಲ್ಲಲ್ಲೇ ಫಿಲ್ಟರನ್ನೂ ಒಮ್ಮೆ ತಳ್ಳಿ ತೆರೆಯುತ್ತವೆ. ಅದರಿಂದಾಗಿ, ಅದುವರೆಗೆ ಮರೆಯಲ್ಲಿದ್ದ ಎರಡು ಮೂರು ಸ್ವರಗಳು ದಿಢೀರನೆ ಮುಂದೆ ಬಂದು, ಸಾಲಿನ ಒಳಗೆ ಇನ್ನೊಂದು ಸಾಲು ಕೇಳತೊಡಗುತ್ತದೆ. ಹೊಸ ಸ್ವರ ಬಂತೆಂದು ಕಿವಿ ಪ್ರಮಾಣ ಮಾಡಿ ಹೇಳುತ್ತದೆ. ಬಂದಿರುವುದಿಲ್ಲ.

ರಾಗವನ್ನು ಸ್ವರಗಳ ನಡೆಯಲ್ಲಿ ಹುಡುಕಿ ಬೆಳೆದ ನಮ್ಮ ಕಿವಿಗೆ ಇದು ಕಷ್ಟದ ಸಂಗೀತ. ಸ್ವರ ಮುಂದಕ್ಕೆ ಹೋಗಲಿ ಎಂದು ಕಾಯುತ್ತೇವೆ, ಅದು ಹೋಗುವುದಿಲ್ಲ. ಚಲನೆ ಇರುವುದು ನಾದದ ಬಣ್ಣದಲ್ಲಿ. ಸ್ವರ ಕದಲದೆ ನಿಂತಿರುವುದರಿಂದಲೇ ಬಣ್ಣ ಕದಲುವುದು ತಿಳಿಯುತ್ತದೆ. ಎರಡೂ ಒಟ್ಟಿಗೆ ಬದಲಾಗಿದ್ದರೆ ಬಣ್ಣದ ಕಡೆ ಯಾರೂ ಕಿವಿ ಕೊಡುತ್ತಿರಲಿಲ್ಲ.

ಇದೇ ಪೆಟ್ಟಿಗೆಗೆ ನಮ್ಮ ದೇಶದಲ್ಲೂ ಒಂದು ಚರಿತ್ರೆಯಿದೆ. ಹಿಂದಿ ಚಿತ್ರಗೀತೆಗಳ ವಾದ್ಯಗೋಷ್ಠಿಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್, 1982ರಲ್ಲಿ ಬೊಂಬಾಯಿಯಲ್ಲಿ ಟಿಬಿ-303, ಟಿಆರ್-808 ಡ್ರಮ್ ಮಷೀನು, ಜುಪಿಟರ್-8 ಸಿಂಥಸೈಜರು ಇಟ್ಟುಕೊಂಡು ಹತ್ತು ಹಿಂದೂಸ್ತಾನಿ ರಾಗಗಳನ್ನು ಡಿಸ್ಕೊ ಬಡಿತಕ್ಕೆ ಕೂಡಿಸಿ ಒಂದು ರೆಕಾರ್ಡ್ ಮಾಡಿದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮರುಬಿಡುಗಡೆಯಾದಾಗ, ಈ ಆಸಿಡ್ ಸದ್ದಿನ ಹೌಸ್, ಅಂದರೆ ಆಸಿಡ್ ಹೌಸ್, ಹುಟ್ಟುವ ಮೊದಲೇ ಇದು ಹೇಗೆ ಎಂದು ಜಗತ್ತು ಬೆರಗಾಯಿತು. ಬೆರಗು ಸಹಜವೇ. 303ರ ಜಾರುವ ಸ್ವರ ಅವರ ಕೈಯಲ್ಲಿ ರಾಗಕ್ಕೆ ಎಷ್ಟು ಚೆನ್ನಾಗಿ ಒದಗುತ್ತದೆ! ಆದರೆ ಇದನ್ನು ಮೊದಲ ಆಸಿಡ್ ಹೌಸ್ ಎಂದು ಕರೆಯುವುದನ್ನು ನಾನು ಒಪ್ಪಲಾರೆ. ಸಿಂಗ್ ಪೆಟ್ಟಿಗೆಯಿಂದ ಸ್ವರಗಳನ್ನು ನಡೆಸಿದರು, ರಾಗ ನಡೆಯಲೇಬೇಕು. ಶಿಕಾಗೊದ ಹುಡುಗರು ಸ್ವರಗಳನ್ನು ನಿಲ್ಲಿಸಿ ಬಣ್ಣವನ್ನು ನಡೆಸಿದರು. ಎರಡೂ ದೊಡ್ಡ ಕೆಲಸಗಳು, ಎರಡೂ ಬೇರೆ. ಒಂದಕ್ಕೆ ಇನ್ನೊಂದರ ಹೆಸರು ಅಂಟಿಸಿದರೆ ಚರಣ್‌ಜಿತ್ ಸಿಂಗರ ಸ್ವಂತಿಕೆಯೇ ಮಸುಕಾಗುತ್ತದೆ.

ಅದೇ ಸಾಲು, ನಾಲ್ಕನೆಯ ಸಲ

ರೆಕಾರ್ಡ್ ಆಗುವ ಮೊದಲು ಹಾಡು ಟೇಪಿನಲ್ಲಿತ್ತು. ಮೂವರೂ ಅದನ್ನು ಮ್ಯೂಸಿಕ್ ಬಾಕ್ಸ್ ಕ್ಲಬ್ಬಿನ ಡಿಜೆ ರಾನ್ ಹಾರ್ಡಿಗೆ ಕೊಟ್ಟರು. ಮುಂದಿನದನ್ನು ಪಿಯರ್ ಹಲವು ಸಂದರ್ಶನಗಳಲ್ಲಿ ಹೇಳಿದ್ದಾನೆ. ಹಾರ್ಡಿ ಮೊದಲ ಸಲ ಹಾಕಿದಾಗ ಕುಣಿಯುತ್ತಿದ್ದವರು ಜಾಗ ಖಾಲಿ ಮಾಡಿದರು. ಹಾರ್ಡಿ ಬಿಡಲಿಲ್ಲ. ಅದೇ ರಾತ್ರಿ ಎರಡನೆಯ ಸಲ, ಮೂರನೆಯ ಸಲ ಹಾಕಿದ. ನಾಲ್ಕನೆಯ ಸಲ ಹಾಕುವ ಹೊತ್ತಿಗೆ ಅದೇ ಜನ ಹುಚ್ಚೆದ್ದು ಕುಣಿದರು, ಒಬ್ಬನಂತೂ ನೆಲದ ಮೇಲೆ ಅಂಗಾತ ಬಿದ್ದು ಗಾಳಿಯಲ್ಲಿ ಕಾಲು ಆಡಿಸುತ್ತಿದ್ದ.

ಹಾಡಿನ ಒಳಗೆ ನಡೆಯುವುದೇ ಆ ರಾತ್ರಿ ಹಾಡಿನ ಹೊರಗೂ ನಡೆಯಿತು. ಟೇಪ್ ಬದಲಾಗಿರಲಿಲ್ಲ, ಕಿವಿ ಬದಲಾಗಿತ್ತು. ಈ ಹಾಡನ್ನು ಕಟ್ಟಿದ ಶ್ರೇಯಸ್ಸಿನಲ್ಲಿ ಹಾರ್ಡಿಗೆ ಪೂರ್ತಿ ಒಂದು ಪಾಲು ಸಲ್ಲಬೇಕು. ಮೊದಲ ಸಲ ಖಾಲಿಯಾದ ನೆಲ ನೋಡಿ ಅವನು ಟೇಪ್ ಪಕ್ಕಕ್ಕಿಟ್ಟಿದ್ದರೆ ಫ್ಯೂಚರ್ ಹೆಸರನ್ನು ಇವತ್ತು ಯಾರು ಹೇಳುತ್ತಿದ್ದರು? 1992ರಲ್ಲಿ ತೀರಿಕೊಂಡ ಹಾರ್ಡಿಯ ಹೆಸರು ರೆಕಾರ್ಡುಗಳ ಮೇಲೆ ಕಾಣಸಿಗುವುದೇ ಅಪರೂಪ.

ಶೀರ್ಷಿಕೆ

ಹೆಸರಿಟ್ಟದ್ದು ಮೂವರಲ್ಲ, ಕೇಳಿದವರು. ಕ್ಲಬ್ಬಿನಲ್ಲಿ ಕದ್ದು ಮಾಡಿಕೊಂಡ ಟೇಪುಗಳು ‘ರಾನ್ ಹಾರ್ಡಿಯ ಆಸಿಡ್ ಟ್ರ್ಯಾಕ್’ ಎಂದು ಊರೆಲ್ಲ ಓಡಾಡಿದವು, ಆಮೇಲೆ ಅದೇ ಹೆಸರು ರೆಕಾರ್ಡಿಗೂ ಬಂತು. ‘ಆಸಿಡ್’ ಎಂದರೆ ಆಡುಮಾತಿನಲ್ಲಿ ಎಲ್ಎಸ್‌ಡಿ ಎಂಬ ಮಾದಕ ದ್ರವ್ಯ. ಇದು ಅದನ್ನು ಹೊಗಳುವ ಹಾಡು ಎಂಬ ಮಾತನ್ನು ಪಿಯರ್ ಒಪ್ಪಿದ್ದೇ ಇಲ್ಲ. ರೆಕಾರ್ಡನ್ನು ಮಗುಚಿ ಹಾಕಿದರೆ ಅದಕ್ಕೆ ಸಾಕ್ಷಿ ಸಿಗುತ್ತದೆ. ಹಿಂಬದಿಯ ‘ಯುವರ್ ಓನ್ಲಿ ಫ್ರೆಂಡ್’ ಹಾಡಿನಲ್ಲಿ ಕೊಕೇನ್ ತಾನೇ ಬಾಯಿ ತೆರೆದು, ನಿನ್ನನ್ನು ಹೇಗೆ ಮುಗಿಸುತ್ತೇನೆಂದು ಹೇಳುತ್ತದೆ. ಎದುರು ಬದಿಯಲ್ಲಿ ಇಲ್ಲದ ದನಿ ಇಲ್ಲಿದೆ, ಬಂದದ್ದು ಎಚ್ಚರಿಕೆ ಕೊಡಲು.

ಇಂಗ್ಲೆಂಡಿಗೆ ಹೋದ ಮೇಲೆ ಈ ವಿವರ ಯಾರಿಗೂ ಬೇಕಾಗಲಿಲ್ಲ. 1988ರ ಬೇಸಿಗೆಯಲ್ಲಿ ಲಂಡನ್ನಿನ ಶೂಮ್, ಮ್ಯಾಂಚೆಸ್ಟರಿನ ಹಸಿಯೆಂಡಾದಂಥ ಕ್ಲಬ್ಬುಗಳಲ್ಲಿ ಶಿಕಾಗೊದ ಸದ್ದಿನ ಜೊತೆ ಎಕ್ಸ್‌ಟಸಿ ಎಂಬ ಮಾದಕ ಮಾತ್ರೆಯೂ ಸೇರಿಕೊಂಡಿತು. ಪತ್ರಿಕೆಗಳು ‘ಆಸಿಡ್’ ಎಂಬುದನ್ನು ಅಕ್ಷರಶಃ ಹಿಡಿದು ಗದ್ದಲವೆಬ್ಬಿಸಿದವು. ಕ್ಲಬ್ಬಿನಿಂದ ಬಯಲಿಗೆ, ಖಾಲಿ ಗೋದಾಮುಗಳಿಗೆ ಹರಡಿದ ಕುಣಿತದ ಕೂಟಗಳಾದ ರೇವ್‌ಗಳ ಮೇಲೆ ಪೊಲೀಸರು ಬಿದ್ದರು. ಕೊನೆಗೆ 1994ರಲ್ಲಿ ಬ್ರಿಟಿಷ್ ಸಂಸತ್ತು ಮಾಡಿದ ಕ್ರಿಮಿನಲ್ ಜಸ್ಟಿಸ್ ಕಾಯಿದೆ, ಬಯಲ ರೇವ್‌ಗಳನ್ನು ತಡೆಯಲು ಪೊಲೀಸರಿಗೆ ಅಧಿಕಾರ ಕೊಡುವಾಗ, ಅಲ್ಲಿನ ಸಂಗೀತವನ್ನು ಗುರುತಿಸಿದ್ದು ಒಂದರ ಹಿಂದೊಂದು ಮರುಕಳಿಸುವ ಬಡಿತ ಎಂಬ ಲಕ್ಷಣದಿಂದ. ಕಾಯಿದೆ ಬರೆದವರ ಕಿವಿಗೆ ಬಿದ್ದದ್ದು ಡ್ರಮ್ಮಿನ ಸಾಲು ಮಾತ್ರ.

ಫೋನಿನ ಸ್ಪೀಕರಿನಲ್ಲಿ ಈ ಹಾಡನ್ನು ಕೇಳಬೇಡಿ. ಕೆಳಗಿನ ನಾದವೆಲ್ಲ ಸೋರಿಹೋಗಿ ಕೀರಲು ಒಂದೇ ಉಳಿಯುತ್ತದೆ, ಕಟ್ ಆಫ್ ಎಡಕ್ಕೆ ಇಳಿದಾಗ ಬೇಸ್ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಒಳ್ಳೆಯ ಹೆಡ್‌ಫೋನ್ ಇರಲಿ, ಪೂರ್ತಿ ಹನ್ನೊಂದು ನಿಮಿಷ ಕೈಯಲ್ಲಿರಲಿ. ಮೊದಲ ಎರಡು ನಿಮಿಷ ಬೇಸರವಾದರೆ ಆಗಲಿ, ಮ್ಯೂಸಿಕ್ ಬಾಕ್ಸಿನಲ್ಲಿ ಕುಣಿದು ಪಳಗಿದವರಿಗೂ ಆಗಿತ್ತು. ಆಮೇಲೆ ಡ್ರಮ್ಮನ್ನು ಕಾಲಿಗೆ ಬಿಟ್ಟು, 16 ಮನೆಗಳಲ್ಲಿ ಯಾವುದಾದರೂ ಒಂದೇ ಮನೆಯ ಸ್ವರವನ್ನು ಹಿಡಿದು ಅದರ ಹಿಂದೆ ಹೋಗಿ.