ಒಂದೇ ಮುಖ, ನಾಲ್ವರು ತಂದೆಯರು

ಚಲನಚಿತ್ರವೊಂದನ್ನು ನೋಡಿ ಮನೆಗೆ ಮರಳಿದಾಗ ನಾಯಕನ ಹೆಸರು ನಮ್ಮ ನಾಲಿಗೆಯ ಮೇಲಿರುತ್ತದೆ. ಪೋಷಕ ನಟನದಾದರೋ ಮುಖ ಉಳಿಯುತ್ತದೆ, ಹೆಸರು ಉಳಿಯುವುದಿಲ್ಲ. ಬ್ರಿಟಿಷ್ ನಟ ಪೀಟ್ ಪಾಸಲ್‌ಥ್ವೇಟ್ ಅಂಥವರಲ್ಲೊಬ್ಬರು. ಎದ್ದು ನಿಂತ ಕೆನ್ನೆಯ ಮೂಳೆಗಳು, ದಪ್ಪ ಮೂಗು, ಆಳವಾದ ಕಣ್ಣುಗಳು. ಪ್ರೇಮಕಥೆಯ ನಾಯಕನಿಗೆ ಒಪ್ಪದ ಈ ಮುಖ ಬೇರೊಂದು ಪಾತ್ರಕ್ಕೆ ಹೇಳಿ ಮಾಡಿಸಿದಂತಿತ್ತು. ಅದು ತಂದೆಯ ಪಾತ್ರ. ಅವರು ಅಭಿನಯಿಸಿದ ತಂದೆಯರಲ್ಲಿ ನಾಲ್ವರನ್ನು ಸಾಲಾಗಿ ನಿಲ್ಲಿಸಿ ನೋಡಿದರೆ, ಪಿತೃತ್ವದ ಕುರಿತು ನಾವು ಸುಲಭವಾಗಿ ಆಡುವ ಮಾತುಗಳು ಗಂಟಲಲ್ಲೇ ನಿಲ್ಲುತ್ತವೆ.

ಇಂಗ್ಲೆಂಡಿನ ವಾರಿಂಗ್ಟನ್ ಪಟ್ಟಣದ ಕಥೋಲಿಕ ಶ್ರಮಿಕ ಕುಟುಂಬವೊಂದರಲ್ಲಿ 1946ರಲ್ಲಿ ಜನಿಸಿದ ಪೀಟ್, ಎಳೆಯ ವಯಸ್ಸಿನಲ್ಲಿ ಗುರುವಾಗಬೇಕೆಂದು ಯೋಚಿಸಿದ್ದುಂಟು. ಮುಂದೆ ಶಿಕ್ಷಕರಾದರು, ಅದನ್ನೂ ಬಿಟ್ಟು ಬ್ರಿಸ್ಟಲ್‌ನ ಓಲ್ಡ್ ವಿಕ್ ನಾಟಕಶಾಲೆ ಸೇರಿದರು. 1970ರ ದಶಕದಲ್ಲಿ ಲಿವರ್‌ಪೂಲಿನ ಎವ್ರಿಮನ್ ರಂಗಮಂದಿರದಲ್ಲಿ ಜೂಲಿ ವಾಲ್ಟರ್ಸ್, ಬಿಲ್ ನೈ, ಜೊನಾಥನ್ ಪ್ರೈಸ್ ಮೊದಲಾದವರ ಜೊತೆ ಪಳಗಿದರು. ಎದುರಿನ ನಟನ ಮಾತನ್ನು ಕಿವಿಗೊಟ್ಟು ಕೇಳುವುದೂ ಅಭಿನಯವೇ ಎಂಬುದನ್ನು ಕಲಿಸುವುದು ರಂಗಭೂಮಿ. ಈ ಪಾಠವನ್ನು ಅವರು ತೆರೆಯ ಮೇಲೂ ಮರೆಯಲಿಲ್ಲ.

ಮೊದಲನೆಯ ತಂದೆ ಭಯಂಕರನು. ಟೆರೆನ್ಸ್ ಡೇವಿಸ್ ತಮ್ಮ ಕುಟುಂಬದ ನೆನಪುಗಳಿಂದಲೇ ಹೆಣೆದ 'ಡಿಸ್ಟೆಂಟ್ ವಾಯ್ಸಸ್, ಸ್ಟಿಲ್ ಲೈವ್ಸ್' (1988) ಚಿತ್ರದಲ್ಲಿ, ಲಿವರ್‌ಪೂಲಿನ ಕಥೋಲಿಕ ಮನೆಯೊಂದರ ಯಜಮಾನ ಹೆಂಡತಿಯನ್ನು ಬಡಿಯುತ್ತಾನೆ, ಮಕ್ಕಳನ್ನು ನಡುಗಿಸುತ್ತಾನೆ. ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಮಲಗಿರುವ ಮಕ್ಕಳನ್ನು ಅಕ್ಕರೆಯಿಂದ ನೋಡುವ ಅದೇ ಮನುಷ್ಯ, ಹಬ್ಬದ ಊಟದ ಹೊತ್ತಿಗೆ ಮೇಜುಬಟ್ಟೆಯನ್ನೆಳೆದು ಎಲ್ಲವನ್ನೂ ನೆಲಕ್ಕುರುಳಿಸುತ್ತಾನೆ. ಅಕ್ಕರೆ ನಟನೆಯಲ್ಲ, ಕ್ರೌರ್ಯವೂ ನಟನೆಯಲ್ಲ. ಎರಡೂ ಒಂದೇ ಎದೆಯಿಂದ ಬಂದವು ಎಂಬುದನ್ನು ಪೀಟ್ ಯಾವ ವಿವರಣೆಯನ್ನೂ ಕೊಡದೆ ತೋರಿಸುತ್ತಾರೆ. ಅಕ್ಕರೆಯ ಆ ಒಂದು ಗಳಿಗೆ ಏಟುಗಳ ಲೆಕ್ಕವನ್ನು ಅಳಿಸುವುದಿಲ್ಲ. ಕ್ಷಮೆಯನ್ನು ಬೋಧಿಸುವ ನಮ್ಮಂಥವರು ಈ ಚಿತ್ರವನ್ನು ನೋಡಬೇಕು. ಏಟು ತಿಂದವರಿಗೆ ಕ್ಷಮಿಸಲು ಹೇಳುವ ಮುನ್ನ, ಆ ಮನೆಯಲ್ಲಿ ಏನು ನಡೆಯಿತೆಂದು ಕೇಳುವ ತಾಳ್ಮೆ ನಮಗಿರಬೇಕು.

ಎರಡನೆಯ ತಂದೆ ಜ್ಯುಸೆಪೆ ಕಾನ್ಲನ್. ಜಿಮ್ ಶೆರಿಡನ್ ನಿರ್ದೇಶಿಸಿದ ಆ ಚಿತ್ರದ ಹೆಸರು 'ಇನ್ ದ ನೇಮ್ ಆಫ್ ದ ಫಾದರ್' (1993). ನಾವು ದಿನವೂ ಶಿಲುಬೆಯ ಗುರುತು ಹಾಕುವಾಗ ಆಡುವ ಮೊದಲ ಪದಗಳೇ ಇದರ ಶೀರ್ಷಿಕೆ. 1974ರ ಅಕ್ಟೋಬರ್ 5ರಂದು ಗಿಲ್ಡ್‌ಫರ್ಡ್‌ನ ಪಬ್‌ಗಳಲ್ಲಿ ಸಿಡಿದ ಬಾಂಬುಗಳಿಗೆ ಐವರು ಬಲಿಯಾದರು. ಬೆಲ್‌ಫಾಸ್ಟ್‌ನ ತರುಣ ಗೆರಿ ಕಾನ್ಲನ್‌ನಿಂದ ಪೊಲೀಸರು ಬಲವಂತದ ತಪ್ಪೊಪ್ಪಿಗೆ ಪಡೆದರು. ಮಗನಿಗೆ ನೆರವಾಗಲು ಲಂಡನ್‌ಗೆ ಬಂದ ರೋಗಿಷ್ಠ ತಂದೆಯೂ ಬಂಧಿತರಾಗಿ, 1976ರಲ್ಲಿ ಶಿಕ್ಷೆಗೊಳಗಾಗಿ, 1980ರ ಜನವರಿಯಲ್ಲಿ ಕೈದಿಯಾಗಿಯೇ ಕಣ್ಮುಚ್ಚಿದರು. ಮಗ ಬಿಡುಗಡೆಯಾದದ್ದು 1989ರಲ್ಲಿ. ತಂದೆಯ ಮೇಲಿನ ತೀರ್ಪು ರದ್ದಾದದ್ದು 1991ರಲ್ಲಿ.

ಚಿತ್ರದಲ್ಲಿ ಡೇನಿಯಲ್ ಡೇ ಲೂಯಿಸ್ ಅಭಿನಯಿಸಿದ ಗೆರಿ ಸಿಡಿಯುತ್ತಾನೆ, ಕೂಗುತ್ತಾನೆ, ಬಾಲ್ಯದ ಕಾಲ್ಚೆಂಡಾಟದ ಹಳೆಯ ನೋವನ್ನೂ ತಂದೆಯ ಮುಖಕ್ಕೆ ಎಸೆಯುತ್ತಾನೆ. ತಂದೆ ಹೆಚ್ಚು ವಾದಿಸುವುದಿಲ್ಲ. ಮಗನ ಒಂದೊಂದು ಮಾತೂ ಎಲ್ಲಿ ತಾಗಿತೆಂಬುದು ಆ ಮುಖದಲ್ಲಿ ಕಾಣುತ್ತದೆ. ಹಾಗೆಂದು ಇದು ದುರ್ಬಲನ ಮೌನವಲ್ಲ. ನಿಜವಾದ ಬಾಂಬು ಸ್ಫೋಟಕ ಅದೇ ಸೆರೆಮನೆಗೆ ಬಂದಾಗ ಅವನ ಸ್ನೇಹವನ್ನು ನಿರಾಕರಿಸುವ ಗಟ್ಟಿತನ ಈ ತಂದೆಗಿದೆ. ದುಂದುಗಾರ ಮಗನ ಸಾಮತಿಯಲ್ಲಿ ತಂದೆ ಮನೆಯಲ್ಲಿ ಕಾಯುತ್ತಾನೆ. ಇಲ್ಲಿನ ತಂದೆ ದೂರದೇಶಕ್ಕೆ ತಾನೇ ಹೊರಟು ಹೋಗಿ, ಮಗನ ಅವಮಾನದ ಪಾಲನ್ನು ತಾನೂ ಉಣ್ಣುತ್ತಾನೆ. ತಂದೆ ಸತ್ತ ರಾತ್ರಿ ಕೈದಿಗಳು ಕಿಟಕಿಗಳಿಂದ ಉರಿಯುವ ಕಾಗದಗಳನ್ನು ಕೆಳಗೆ ಬಿಡುವ ದೃಶ್ಯ, ನೋಡಿದವರು ಮರೆಯಲಾರದಂಥದು.

ಒಂದು ಆಕ್ಷೇಪವನ್ನು ದಾಖಲಿಸಲೇಬೇಕು. ತಂದೆ ಮಗ ವರ್ಷಾನುಗಟ್ಟಲೆ ಒಂದೇ ಕೋಣೆಯಲ್ಲಿದ್ದರೆಂಬುದು ಚಿತ್ರದ ಕಲ್ಪನೆ, ವಾಸ್ತವದಲ್ಲಿ ಹಾಗಿರಲಿಲ್ಲ. ಸುಳ್ಳು ಸಾಕ್ಷ್ಯದಿಂದ ನೊಂದವರ ಕಥೆಯನ್ನು ಹೇಳುವಾಗ ಇಂಥ ಸ್ವಾತಂತ್ರ್ಯ ಸಲ್ಲದೆಂಬ ಟೀಕೆಯಲ್ಲಿ ಹುರುಳಿದೆ. ಆದರೂ ಚಿತ್ರ ಕುಸಿಯದಿರಲು ಕಾರಣ ಪೀಟ್. ಕಲ್ಪಿತ ಸನ್ನಿವೇಶದಲ್ಲೂ ಅವರು ಒಂದು ಹನಿ ಕಣ್ಣೀರನ್ನೂ ಬೇಡುವುದಿಲ್ಲ. ಈ ಪಾತ್ರಕ್ಕಾಗಿ ಅವರ ಹೆಸರು ಆಸ್ಕರ್‌ಗೆ ಸೂಚಿತವಾಯಿತು; ಪ್ರಶಸ್ತಿ ಮತ್ತೊಬ್ಬರಿಗೆ ಹೋಯಿತು.

ಮೂರನೆಯವನು ಮಾರ್ಕ್ ಹರ್ಮನ್ ಅವರ 'ಬ್ರಾಸ್ಡ್ ಆಫ್' (1996) ಚಿತ್ರದ ಡ್ಯಾನಿ, ಮುಚ್ಚಲಿರುವ ಕಲ್ಲಿದ್ದಲು ಗಣಿಯ ವಾದ್ಯವೃಂದದ ನಿರ್ದೇಶಕ. ಗಣಿಯ ಧೂಳು ಶ್ವಾಸಕೋಶವನ್ನು ತಿಂದಿದ್ದರೂ ಸಂಗೀತವೇ ಅವನ ಉಸಿರು. ಇವನು ಕೆಟ್ಟವನಲ್ಲ. ಆದರೆ ವಾದ್ಯದ ಅಪಸ್ವರವನ್ನು ಹಿಡಿಯುವ ಆ ಕಿವಿಗೆ, ಸಾಲದಲ್ಲಿ ಮುಳುಗಿ ವಿದೂಷಕನ ವೇಷದಲ್ಲಿ ನೇಣಿಗೆ ಕೊರಳೊಡ್ಡುವ ಸ್ವಂತ ಮಗನ ಸಂಕಟ ಕೇಳಿಸಲಿಲ್ಲ. ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಗೆದ್ದ ಬಳಿಕ, ಸಂಗೀತಕ್ಕಿಂತ ಮನುಷ್ಯರು ದೊಡ್ಡವರೆಂದು ಅವನು ಒಪ್ಪಿಕೊಳ್ಳುವಾಗ ನಟನ ದನಿಯಲ್ಲಿ ವಿಜಯವಿಲ್ಲ, ತಡವಾಗಿ ಎಚ್ಚೆತ್ತವನ ದಣಿವಿದೆ. ಒಳ್ಳೆಯ ಕೆಲಸದ ಹೆಸರಿನಲ್ಲಿ ಮನೆಯವರನ್ನು ಮರೆಯುವ ನಮ್ಮ ನಡುವಿನ ಎಷ್ಟೋ ಮಂದಿ, 'ಫಾದರ್' ಎಂದು ಕರೆಸಿಕೊಳ್ಳುವ ನಾವೂ ಸೇರಿದಂತೆ, ಡ್ಯಾನಿಯ ಬಳಗದವರೇ.

ಹಾಲಿವುಡ್ ಈ ಮುಖವನ್ನು ಬಯಸಿತು, ಆದರೆ ಸದಾ ಸದ್ಬಳಕೆ ಮಾಡಲಿಲ್ಲ. ಇವರನ್ನು ಜಗತ್ತಿನ ಅತ್ಯುತ್ತಮ ನಟನೆಂದು ಹೊಗಳಿದ ಸ್ಪೀಲ್‌ಬರ್ಗ್, 1997ರಲ್ಲಿ 'ದ ಲಾಸ್ಟ್ ವರ್ಲ್ಡ್' ಚಿತ್ರದಲ್ಲಿ ಬೇಟೆಗಾರನನ್ನಾಗಿಸಿ ದೈತ್ಯಪ್ರಾಣಿಗಳ ನಡುವೆ ನಿಲ್ಲಿಸಿದರು. ಪೀಟ್ ತಮ್ಮ ಬೇರನ್ನು ಬಿಡಲಿಲ್ಲ. 2008ರಲ್ಲಿ ಲಿವರ್‌ಪೂಲಿನ ಅದೇ ಎವ್ರಿಮನ್‌ಗೆ ಮರಳಿ, ಮಕ್ಕಳ ಪ್ರೀತಿಯನ್ನು ಮಾತಿನಲ್ಲಿ ಅಳೆಯಹೊರಟು ಕೆಟ್ಟ ತಂದೆ ಕಿಂಗ್ ಲಿಯರ್ ಆದರು.

ನಾಲ್ಕನೆಯ ತಂದೆ ಕ್ರಿಸ್ಟೋಫರ್ ನೋಲನ್ ಅವರ 'ಇನ್ಸೆಪ್ಷನ್' (2010) ಚಿತ್ರದಲ್ಲಿ ಮರಣಶಯ್ಯೆಯಲ್ಲಿರುವ ಉದ್ಯಮಿ. ತೆರೆಯ ಮೇಲಿರುವುದು ಕೆಲವೇ ನಿಮಿಷ. ತನ್ನಿಂದ ತಂದೆಗೆ ನಿರಾಶೆಯಾಯಿತೆಂದು ನಂಬಿದ ಮಗನಿಗೆ, ಕನಸಿನಲ್ಲಿ ಆ ತಂದೆ ಬೇರೊಂದು ಅರ್ಥ ನೀಡುತ್ತಾನೆ. ತನ್ನಂತಾಗಲು ಮಗ ಹೆಣಗಿದ್ದೇ ನಿರಾಶೆಗೆ ಕಾರಣವಂತೆ. ಪೆಟ್ಟಿಗೆಯಲ್ಲಿ ಬಾಲ್ಯದ ಕಾಗದದ ಗಿರಗಿಟ್ಟಲೆ ಸಿಗುತ್ತದೆ. ಈ ರಾಜಿ ಇತರರು ಹೂಡಿದ ತಂತ್ರವೆಂದು ನಮಗೆ ಗೊತ್ತು. ಗೊತ್ತಿದ್ದೂ ಮನಸ್ಸು ಕರಗುತ್ತದೆ, ಏಕೆಂದರೆ ಆ ಒಂದು ಮಾತಿಗಾಗಿ ಕಾದ ಮಕ್ಕಳು ಎಲ್ಲ ಊರುಗಳಲ್ಲೂ ಇದ್ದಾರೆ. ಆ ಚಿತ್ರ ತೆರೆಕಂಡ ಮರುವರ್ಷದ ಜನವರಿ 2ರಂದು, 2011ರಲ್ಲಿ, ಪೀಟ್ ನಿಧನರಾದರು.

ಪ್ರಿಯ ಓದುಗರೇ, ಹೊಡೆದವನು, ಜೊತೆಗೆ ನಿಂತವನು, ಗಮನಿಸದವನು, ಹೇಳದೆ ಹೋದವನು. ಈ ನಾಲ್ವರಲ್ಲಿ ಒಬ್ಬನನ್ನೂ ಪೀಟ್ ರಾಕ್ಷಸನನ್ನಾಗಿಸಲಿಲ್ಲ, ಸಂತನನ್ನಾಗಿಸಲಿಲ್ಲ. ಜ್ಯುಸೆಪೆ ಕಾನ್ಲನ್ ಅವರ ಬಳಿ ಮಗನನ್ನು ಬಿಡಿಸುವ ಹಣವಿರಲಿಲ್ಲ, ಅಧಿಕಾರವಿರಲಿಲ್ಲ, ಆರೋಗ್ಯವೂ ಇರಲಿಲ್ಲ. ಇದ್ದದ್ದು ಮಗನ ಪಕ್ಕದಲ್ಲಿ ಕುಳಿತು ಅವನ ಬೈಗುಳವನ್ನೂ ಕೇಳಿಸಿಕೊಳ್ಳುವ ಶಕ್ತಿ. ಉಳಿದ ಮೂವರಿಗೆ ದಕ್ಕದೆ ಹೋದದ್ದು ಅದೊಂದೇ.