ಬೊರೆಲ್ಲಿಯ ಹಮಾಲಿ: ಬೆನ್ನೆಲುಬಿನ ಗಣಿತವನ್ನು ಕುರಿತು ಒಂದು ವಿಮರ್ಶೆ

ಇಟಲಿಯ ಗಣಿತಜ್ಞ ಜೊವಾನ್ನಿ ಅಲ್ಫೊನ್ಸೊ ಬೊರೆಲ್ಲಿಯ (1608–1679) 'ದೆ ಮೋತು ಅನಿಮಾಲಿಯುಮ್', ಎಂದರೆ 'ಪ್ರಾಣಿಗಳ ಚಲನೆಯನ್ನು ಕುರಿತು' ಎಂಬ ಲ್ಯಾಟಿನ್ ಗ್ರಂಥವು ಆತನ ಮರಣಾನಂತರ 1680–81ರಲ್ಲಿ ರೋಮಿನಲ್ಲಿ ಪ್ರಕಟವಾಯಿತು. ದೇಹದ ಯಂತ್ರಶಾಸ್ತ್ರದ ಚರಿತ್ರೆಯನ್ನು ಈ ಗ್ರಂಥದಿಂದಲೇ ಆರಂಭಿಸುವುದು ವಾಡಿಕೆ. ಆದರೆ ಒಬ್ಬನನ್ನು ಪಿತಾಮಹನೆಂದು ಹೊಗಳುವುದು ಬೇರೆ; ಆತನ ಮಾತಿನಲ್ಲಿ ಯಾವುದು ನಿಂತಿತು, ಯಾವುದು ಬಿದ್ದಿತು ಎಂದು ನಿರ್ಣಯಿಸುವುದು ಬೇರೆ. ನಾವು ವೈದ್ಯರಲ್ಲ, ಇತಿಹಾಸದ ವಿದ್ಯಾರ್ಥಿಗಳು. ಶಾಸನವನ್ನು ಪರೀಕ್ಷಿಸುವ ಕ್ರಮದಿಂದಲೇ ಈ ಸಾಕ್ಷ್ಯವನ್ನೂ ಪರೀಕ್ಷಿಸಬಹುದೆಂದು ನಮ್ಮ ನಂಬಿಕೆ.

ಸ್ನಾಯುಗಳು ಅಲ್ಪಬಲದಿಂದ ಮಹಾಭಾರವನ್ನು ಎತ್ತುತ್ತವೆಂಬುದು ಪ್ರಾಚೀನರಿಂದ ಬಂದ ಅಭಿಪ್ರಾಯವಾಗಿದ್ದಿತು. ಬೊರೆಲ್ಲಿ ಇದನ್ನು ತಲೆಕೆಳಗು ಮಾಡಿದನು. ಸ್ನಾಯುವು ಎಲುಬನ್ನು ಹಿಡಿದಿರುವುದು ಕೀಲಿನ ಸಮೀಪದಲ್ಲಿ. ಭಾರವು ತೂಗುವುದು ದೂರದಲ್ಲಿ. ಆದಕಾರಣ ಸನ್ನೆಯ ನಿಯಮದಂತೆ ಸ್ನಾಯುವು ಹೊರೆಗಿಂತ ಎಷ್ಟೋ ಪಾಲು ಅಧಿಕವಾದ ಬಲವನ್ನು ಪ್ರಯೋಗಿಸಲೇಬೇಕು. ಬೆನ್ನೆಲುಬಿಗೆ ಆತನು ಆರಿಸಿಕೊಂಡ ಉದಾಹರಣೆ, ಕುತ್ತಿಗೆಯ ಮೇಲೆ 120 ಪೌಂಡು ಹೊತ್ತು ಬಾಗಿದ ಹಮಾಲಿ. ಬೆನ್ನಿನ ಸ್ನಾಯುಗಳೂ ಕಶೇರುಗಳ ನಡುವಣ ಬಿಲ್ಲೆಗಳೂ ಸೇರಿ ಇದಕ್ಕೆ ಪ್ರತಿಯಾಗಿ 25,585 ಪೌಂಡುಗಳಷ್ಟು ಬಲವನ್ನು ಪ್ರಯೋಗಿಸುತ್ತವೆಂದು ಆತನ ಲೆಕ್ಕ. ಬಿಲ್ಲೆಗಳಿಗೂ ಹೊರೆಯಲ್ಲಿ ಪಾಲುಂಟೆಂದು ಕಂಡದ್ದು ಆತನ ಸೂಕ್ಷ್ಮದೃಷ್ಟಿಗೆ ಸಾಕ್ಷಿ.

ದೋಷವಿರುವುದು ಸಂಖ್ಯೆಯಲ್ಲಿ. ಅದು ಅಳೆದದ್ದಲ್ಲ, ರೇಖಾಚಿತ್ರದಿಂದ ಗಣಿಸಿದ್ದು. ಜೀವಂತ ಬೆನ್ನೊಳಗಣ ಒತ್ತಡವನ್ನು ಅಳೆಯುವ ಉಪಕರಣವು ಆ ಶತಮಾನದಲ್ಲಿ ಇರಲಿಲ್ಲ. ಐದಂಕಿಯ ಖಚಿತತೆಯು ವಾಚಕನನ್ನು ಮರುಳುಗೊಳಿಸುತ್ತದೆ.

ಅಳತೆ ಬಂದ ಮೇಲಾದರೂ ಈ ಮೋಹ ತಪ್ಪಿತೆ? 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ನರು ಜೀವಂತ ಮನುಷ್ಯರ ಬಿಲ್ಲೆಯೊಳಕ್ಕೆ ಸೂಜಿಯನ್ನು ತೂರಿಸಿ ಒತ್ತಡವನ್ನು ಅಳೆದರು. ನಿಂತಾಗಿಗಿಂತ ಕುಳಿತಾಗ ಒತ್ತಡವು ಅಧಿಕವೆಂದು ಕಂಡಿತು. ಇದು ಆಸನದ ವಿಷಯದ ಉಪದೇಶಗಳಿಗೆ ಆಧಾರವಾಯಿತು. 1999ರಲ್ಲಿ ಜರ್ಮನಿಯ ಉಲ್ಮ್ ನಗರದ ವಿಲ್ಕೆ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಳತೆಯಾದರೋ ಬೇರೆಯೇ ಆಗಿದ್ದಿತು. ನಿಂತಾಗ ಸುಮಾರು 0.5 ಮೆಗಾಪಾಸ್ಕಲ್, ಸಡಿಲವಾಗಿ ಕುಳಿತಾಗಲೂ ಹೆಚ್ಚುಕಡಮೆ ಅಷ್ಟೆ, ಹಿಂದಕ್ಕೊರಗಿ ಜಾರಿ ಕುಳಿತಾಗ ಸುಮಾರು 0.3 ಮಾತ್ರ.

ಆದರೆ ಅದೇ ಅಳತೆಯು ಬೊರೆಲ್ಲಿಯ ತತ್ತ್ವವನ್ನು ಸಮರ್ಥಿಸುತ್ತದೆ. 20 ಕಿಲೋಗ್ರಾಂ ಭಾರವನ್ನು ಮೈಗೆ ಹತ್ತಿರ ಹಿಡಿದಾಗ 1.1, ಎದೆಯಿಂದ 60 ಸೆಂಟಿಮೀಟರು ದೂರ ಹಿಡಿದಾಗ 1.8, ಬೆನ್ನು ಬಾಗಿಸಿ ಎತ್ತಿದಾಗ 2.3, ಮೊಣಕಾಲು ಮಡಿಸಿ ಎತ್ತಿದಾಗ 1.7. ಭಾರ ಅದೇ, ಬದಲಾದದ್ದು ದೂರ ಮತ್ತು ಭಂಗಿ. ಮೂರು ಶತಮಾನಗಳ ತರುವಾಯ ಬೊರೆಲ್ಲಿಯ ಸಂಖ್ಯೆ ಬಿದ್ದಿದೆ, ಸನ್ನೆ ನಿಂತಿದೆ.

ಇಲ್ಲಿಯೂ ಎಚ್ಚರಿಕೆ ಅವಶ್ಯ. ಉಲ್ಮಿನ ಪ್ರಯೋಗಕ್ಕೆ ಒಳಗಾದವನು ಒಬ್ಬನೇ ವ್ಯಕ್ತಿ. ಒಂದೇ ಶಾಸನದಿಂದ ಒಂದು ವಂಶದ ಚರಿತ್ರೆಯನ್ನು ಬರೆಯಲಾಗದಂತೆ ಒಂದೇ ಬೆನ್ನಿನಿಂದ ಮನುಷ್ಯಕುಲಕ್ಕೆಲ್ಲ ವಿಧಿಯನ್ನು ಬರೆಯಲಾಗದು. ಮೇಲಾಗಿ ಒತ್ತಡವೇ ನೋವಲ್ಲ. ಆದುದರಿಂದ 'ಸರಿಯಾದ ಭಂಗಿ ಇದೊಂದೇ' ಎಂದು ಯಂತ್ರಶಾಸ್ತ್ರದ ಹೆಸರಿನಲ್ಲಿ ವಿಧಿಸುವವರ ಮಾತನ್ನು ನಾವು ಒಪ್ಪಲಾರೆವು. ಕುರ್ಚಿಯ ಮೇಲೆ ಕುಳಿತವನ ಬೆನ್ನನ್ನು ಕುರಿತ ವಾದವಿವಾದದಲ್ಲಿ, ಈ ಶಾಸ್ತ್ರಕ್ಕೆ ಮೊದಲು ಬೆನ್ನು ಕೊಟ್ಟ ಹಮಾಲಿಯನ್ನು ವಿದ್ವಾಂಸರು ಮರೆಯಬಾರದು. ಆತನ ಹೊರೆಯ ವಿಷಯದಲ್ಲಿ ಲೆಕ್ಕವೂ ಅಳತೆಯೂ ಒಂದೇ ಮಾತನ್ನು ಹೇಳುತ್ತಿವೆ.