ಆಟದೊಳಗಿನ ಅದಬ್

ಉರ್ದುವಿನಲ್ಲಿ 'ಅದಬ್' ಎಂಬ ಒಂದೇ ಮಾತಿಗೆ ಎರಡು ಅರ್ಥ. ಹಿರಿಯರ ಮುಂದೆ ದನಿ ತಗ್ಗಿಸುವುದೂ ಅದಬ್, ಕಥೆ-ಕವಿತೆಗಳ ಸಾಹಿತ್ಯವೂ ಅದಬ್. ಎರಡಕ್ಕೂ ಯಾಕೆ ಒಂದೇ ಹೆಸರು ಎಂದು ಶಾಲೆಯಲ್ಲಿ ಮೌಲವಿ ಸಾಹೇಬರನ್ನು ಕೇಳುವ ಧೈರ್ಯ ನಮಗಿರಲಿಲ್ಲ. ಕೇಳಬೇಕೆನ್ನಿಸಿದ್ದು ನಲವತ್ತು ದಾಟಿದ ಮೇಲೆ, ಅದೂ ಒಂದು ಕಂಪ್ಯೂಟರ್ ಆಟದ ದೆಸೆಯಿಂದ.

ನಮ್ಮಲ್ಲೇ ಇದ್ದು ಓದುತ್ತಿರುವ ತಂಗಿಯ ಮಗ ರಾತ್ರಿ ಆಡುವ ಆಟದ ಹೆಸರು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'. 2004ರ ನವೆಂಬರಿನಲ್ಲಿ ಅಮೆರಿಕದಲ್ಲಿ ಶುರುವಾದ ಈ ಆಟದಲ್ಲಿ ಊರೂರಿನ ಸಾವಿರಾರು ಜನ ಒಂದೇ ಕಾಲ್ಪನಿಕ ಲೋಕಕ್ಕೆ ಇಳಿಯುತ್ತಾರೆ. ಒಬ್ಬ ಯೋಧ, ಒಬ್ಬ ಮಂತ್ರವಾದಿ, ಇನ್ನೊಬ್ಬ ಗಾಯ ಮಾಯಿಸುವವನು. ನಾವು ಅವನ ಹಿಂದೆ ನಿಂತು ನೋಡುತ್ತಿದ್ದ ಮೊದಲ ದಿನವೇ ಹುಡುಗ ಹೇಳಿದ: "ಮಾಮು, ಇಲ್ಲಿ ಈಗ ಯಾರೂ ಯಾರಿಗೂ ಸಲಾಂ ಹೇಳಲ್ಲ. ಮೊದಲು ಹೇಳ್ತಿದ್ರಂತೆ."

ಈ 'ಮೊದಲು' ನಮ್ಮನ್ನು ಹಿಡಿದು ನಿಲ್ಲಿಸಿತು. ನಮ್ಮ ವಯಸ್ಸಿನವರು ಆಡುವ ಮಾತನ್ನು ಇಪ್ಪತ್ತರ ಹುಡುಗ ಆಡುತ್ತಿದ್ದಾನೆ!

ಮೊದಲು ಹೀಗಿತ್ತು. ಐದು ಜನ ಗುಹೆಯೊಳಗೆ ಹೋಗಿ ಒಂದು ರಾಕ್ಷಸನನ್ನು ಕೊಲ್ಲುತ್ತಾರೆ. ಅವನಿಂದ ಒಂದು ಕಬ್ಬಿಣದ ಕವಚ ಸಿಗುತ್ತದೆ. ಇದಕ್ಕೆ ಅವರು ಹೇಳುವುದು 'ಲೂಟ್', ನಮ್ಮ ಲೂಟಿಯೇ ಇಂಗ್ಲಿಷಿಗೆ ಹೋಗಿ ಮರಳಿ ಬಂದದ್ದು. ಪ್ರತಿಯೊಬ್ಬನ ಪರದೆಯ ಮೇಲೂ ಮೂರು ಗುಂಡಿಗಳು: ಅಗತ್ಯ, ಆಸೆ, ಬೇಡ. ಒತ್ತಿದವರಿಗೆ ಒಂದರಿಂದ ನೂರರವರೆಗೆ ದಾಳ ಬೀಳುತ್ತದೆ. 'ಅಗತ್ಯ' ಎಂದವನ ದಾಳ ಎಷ್ಟೇ ಸಣ್ಣದಿರಲಿ, 'ಆಸೆ' ಎಂದವನದಕ್ಕಿಂತ ಮೇಲು. ಆದರೆ ನಿನ್ನ ಅಗತ್ಯ ನಿಜವೇ ಎಂದು ಆರಂಭದ ವರ್ಷಗಳಲ್ಲಿ ಯಂತ್ರ ವಿಚಾರಿಸುತ್ತಿರಲಿಲ್ಲ. ಕಬ್ಬಿಣದ ಕವಚ ತೊಡಲಾರದ ಮಂತ್ರವಾದಿಯೂ 'ಅಗತ್ಯ' ಒತ್ತಿ ಅದನ್ನು ಗೆದ್ದು ಮಾರಬಹುದಿತ್ತು. ಹಾಗೆ ಮಾಡಿದವನನ್ನು 'ನಿಂಜಾ' ಎಂದು ಕರೆಯುತ್ತಿದ್ದರು. ಒಂದು ಸರ್ವರ್ ಎಂದರೆ ಒಂದು ಪಟ್ಟಣದಷ್ಟೇ ಜನ. ಸುದ್ದಿ ಹಬ್ಬುತ್ತಿತ್ತು, ಆಮೇಲೆ ಅವನ ಜೊತೆ ಗುಹೆಗೆ ಹೋಗಲು ಜನ ಸಿಗುತ್ತಿರಲಿಲ್ಲ. ಆಸೆಯನ್ನು ಅಗತ್ಯವೆಂದು ಹೇಳಬಾರದು ಎಂಬುದನ್ನು ಇಷ್ಟು ಸರಳವಾಗಿ ಎದುರಿಗಿಟ್ಟ ಪಠ್ಯಪುಸ್ತಕವನ್ನು ನಾವಂತೂ ಓದಿಲ್ಲ.

2009ರ ಡಿಸೆಂಬರಿನಲ್ಲಿ ಹೊಸ ಸೌಕರ್ಯವೊಂದು ಬಂತು. ಗುಂಡಿ ಒತ್ತಿದರೆ ಯಂತ್ರವೇ ಬೇರೆ ಬೇರೆ ಸರ್ವರುಗಳಿಂದ ಐದು ಅಪರಿಚಿತರನ್ನು ಹೆಕ್ಕಿ ನೇರ ಗುಹೆಯೊಳಗೆ ಇಳಿಸುತ್ತದೆ. ತೊಡಲಾಗದ ಕವಚಕ್ಕೆ 'ಅಗತ್ಯ' ಒತ್ತದಂತೆ ಅದೇ ತಡೆಯುತ್ತದೆ. ಜೊತೆಗಾರರಿಗಾಗಿ ಗಂಟೆಗಟ್ಟಲೆ ಕೂಗುತ್ತಾ ನಿಲ್ಲುವುದು ತಪ್ಪಿತು. ಇದು ಸಣ್ಣ ಉಪಕಾರವಲ್ಲ. ಆದರೆ ನಾಚಿಕೆ ಮಾಡುತ್ತಿದ್ದ ಕೆಲಸವನ್ನು ಯಂತ್ರ ವಹಿಸಿಕೊಂಡ ಮೇಲೆ ನಾಚಿಕೆಗೆ ಕೆಲಸವಿಲ್ಲದಾಯಿತು. ಐವರು ಸೇರುತ್ತಾರೆ, ಕೊಲ್ಲುತ್ತಾರೆ, ಮಾತಿಲ್ಲದೆ ಮಾಯವಾಗುತ್ತಾರೆ. ಇವರು ಕೆಟ್ಟವರಾದರೆಂದು ನಾವು ಹೇಳುವುದಿಲ್ಲ. ಮತ್ತೆ ಎದುರಾಗುವ ಭಯವೂ ಇಲ್ಲ, ಆಸೆಯೂ ಇಲ್ಲ, ಅಷ್ಟೇ. ರೈಲಿನಲ್ಲಿ ಮತ್ತೆಂದೂ ಕಾಣದವರಿಗೂ ಬುತ್ತಿ ಬಿಚ್ಚಿ ಕೊಡುತ್ತೇವಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿ ಮುಖ ನೋಡುತ್ತಾ ಒಂದು ರಾತ್ರಿ ಕಳೆಯಬೇಕು. ಇಲ್ಲಿ ಅರ್ಧ ಗಂಟೆಯ ಕೆಲಸ, ಮುಖವೂ ಮುಖವಾಡ.

2019ರ ಆಗಸ್ಟಿನಲ್ಲಿ ಕಂಪನಿ ಈ ಆಟದ ಹಳೆಯ ರೂಪವನ್ನು ಮತ್ತೆ ತೆರೆಯಿತು. ಮೊದಲ ದಿನಗಳಲ್ಲಿ ಎಷ್ಟು ಜನ ನುಗ್ಗಿದರೆಂದರೆ ಒಂದೊಂದು ಪ್ರಾಣಿಯನ್ನು ಕೊಲ್ಲಲೂ ಹತ್ತಾರು ಮಂದಿ. ಆಗ ಅವರು ಸಾಲು ನಿಂತರು! ಹುಡುಗ ಆ ಚಿತ್ರಗಳನ್ನು ತೋರಿಸಿದ. ಕತ್ತಿ ಹಿಡಿದ ವೀರರೆಲ್ಲ ಬಯಲಿನಲ್ಲಿ ಒಬ್ಬರ ಹಿಂದೆ ಒಬ್ಬರು. ನಡುವೆ ನುಗ್ಗುವವನನ್ನು ತಡೆಯಲು ಅಲ್ಲಿ ಯಾವ ನಿಯಮವೂ ಇರಲಿಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ಮೊಣಕೈ ತಿಂದು ಬೆಳೆದ ನಾವು ಅದನ್ನು ಎರಡು ಸಲ ನೋಡಿದೆವು.

ಇಷ್ಟೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ. 2006ರಲ್ಲಿ ಈ ಆಟದ ಆಟಗಾರ್ತಿಯೊಬ್ಬರು ನಿಜ ಜೀವನದಲ್ಲಿ ತೀರಿಕೊಂಡರು. ಗೆಳೆಯರು ಆಟದೊಳಗೇ ಒಂದು ಶೋಕಸಭೆ ಇಟ್ಟುಕೊಂಡರು. ವಿಂಟರ್‌ಸ್ಪ್ರಿಂಗ್ ಎಂಬ ಹಿಮದ ನಾಡಿನ ಸರೋವರದ ದಂಡೆ, ತೊಂದರೆ ಕೊಡಬೇಡಿರೆಂದು ಮೊದಲೇ ವಿನಂತಿ. ಸತ್ತವರ ವೇಷಧಾರಿಯನ್ನು ದಂಡೆಯಲ್ಲಿ ನಿಲ್ಲಿಸಿ ಜನ ಸಾಲಾಗಿ ಬರುತ್ತಿದ್ದಾಗ, ಎದುರು ಪಕ್ಷದ 'ಸೆರೆನಿಟಿ ನೌ' ಎಂಬ ಗುಂಪು ನುಗ್ಗಿ ಎಲ್ಲರನ್ನೂ ಕೊಂದಿತು. ಅದರ ವಿಡಿಯೋ ಮಾಡಿ ಹಂಚಿತು ಕೂಡ. ಆ ಸರ್ವರಿನಲ್ಲಿ ಎದುರು ಪಕ್ಷದವರನ್ನು ಕೊಲ್ಲಲು ನಿಯಮದ ಅಡ್ಡಿ ಇರಲಿಲ್ಲ. ಇದು ಆಟವಲ್ಲವೇ, ಸತ್ತದ್ದು ಬರೀ ಬೊಂಬೆಗಳಲ್ಲವೇ ಎಂದು ಸಮರ್ಥಿಸಿದವರು ಬಹಳ. ಸತ್ತ ಬೊಂಬೆಗಳು ಮತ್ತೆ ಎದ್ದವು ಎಂಬುದೂ ನಿಜ.

ಜನಾಜಾ ಹಾದುಹೋಗುವಾಗ ಅಂಗಡಿಯವನು ಎದ್ದು ನಿಲ್ಲುತ್ತಾನೆ. ನಿಲ್ಲದಿದ್ದರೆ ದಂಡವಿಲ್ಲ. ದಂಡವಿಲ್ಲವೆಂದೇ ಆ ನಿಲ್ಲುವಿಕೆಗೆ ಬೆಲೆ. ಆ ಗುಂಪು ನಿಯಮ ಮುರಿಯಲಿಲ್ಲ ಎಂಬ ವಾದ ಸರಿ, ಅವರ ಮೇಲಿನ ನಮ್ಮ ಆಕ್ಷೇಪಣೆಯೂ ಅದೇ.

ಇಷ್ಟು ಬರೆದು ಲೇಖನಿ ಕೆಳಗಿಡುವ ಹಕ್ಕು ನಮಗಿಲ್ಲ. ವರ್ಷಗಳ ಹಿಂದೆ ಪಕ್ಕದ ಮನೆಯ ಮುದುಕಿ ತೀರಿಕೊಂಡಾಗ, ಮಯ್ಯತ್ತಿನ ಮನೆಯಲ್ಲಿ ಅವರ ಮಗ ಅತ್ತು ಆಡಿದ ಮಾತುಗಳನ್ನು ನಾವು ಕಿವಿಯಲ್ಲಿ ತುಂಬಿಕೊಂಡು ಬಂದು ಒಂದು ಕಥೆ ಮಾಡಿದೆವು. ಊರು, ಹೆಸರು ಬದಲಿಸಿದ್ದೆವು. ಓದಿದ ಮಗ ಬಂದು ಕೇಳಿದಾಗ, "ಭಾಯಿ, ಅದು ಬರೀ ಕಥೆ" ಎಂದೆವು. ಅವರು ವಾದಿಸಲಿಲ್ಲ. ಆಮೇಲೆ ನಮ್ಮ ಹೊಸ್ತಿಲು ತುಳಿಯಲೂ ಇಲ್ಲ. ಕಥೆಯನ್ನು ಜನ ಮೆಚ್ಚಿದರು. 'ಬರೀ ಕಥೆ', 'ಬರೀ ಆಟ' ಇವೆರಡರ ನಡುವೆ ಎಷ್ಟು ದೂರವಿದೆ ಎಂದು ಆ ವಿಡಿಯೋದ ಬಗ್ಗೆ ಹುಡುಗ ವಿವರಿಸುತ್ತಿದ್ದಾಗ ನಾವು ಅಳೆಯುತ್ತಿದ್ದೆವು.

2024ರಲ್ಲಿ ಬಂದ 'ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್' ಎಂಬ ಸಾಕ್ಷ್ಯಚಿತ್ರವನ್ನು ಅವನೇ ತೋರಿಸಿದ. ನಿರ್ದೇಶಕರು ನಾರ್ವೆಯ ಬೆಂಜಮಿನ್ ರೇ. ಸ್ನಾಯುಗಳು ಸವೆಯುವ ಕಾಯಿಲೆಯ ಯುವಕನೊಬ್ಬ ಇದೇ ಆಟದಲ್ಲಿ ಇಬೆಲಿನ್ ಎಂಬ ವೇಷದಲ್ಲಿ ವರ್ಷಗಟ್ಟಲೆ ಓಡಾಡಿ, 2014ರಲ್ಲಿ 25ನೆಯ ವಯಸ್ಸಿಗೆ ತೀರಿಕೊಂಡ. ಮಗನಿಗೆ ಗೆಳೆಯರೇ ಇಲ್ಲವೆಂದು ತಂದೆತಾಯಿ ಕೊರಗಿದ್ದರು. ಸಾವಿನ ಸುದ್ದಿ ತಿಳಿಸಿದ ಮೇಲೆ ಅವರಿಗೆ ಪತ್ರಗಳ ಮೇಲೆ ಪತ್ರಗಳು ಬಂದವು, ಅಂತ್ಯಕ್ರಿಯೆಗೆ ಬೇರೆ ದೇಶಗಳಿಂದ ಕೆಲವರು ಬಂದರು. ಮಗನನ್ನು ಅಪ್ಪಿಕೊಳ್ಳಲಾಗದೆ ನೊಂದಿದ್ದ ಒಬ್ಬ ತಾಯಿ, ಇಬೆಲಿನ್‌ನ ನೆರವಿನಿಂದ ಅವನನ್ನು ಆಟದೊಳಗೆ ಅಪ್ಪಿಕೊಂಡದ್ದೂ ಚಿತ್ರದಲ್ಲಿದೆ. ಅಲ್ಲಿ ಅಪ್ಪಿಕೊಂಡದ್ದೂ ಬೊಂಬೆಗಳೇ.

ಈಗ ರಾತ್ರಿ ಊಟದ ಹೊತ್ತಿನ ಜಗಳದಲ್ಲಿ ನಾವು ಯಾರ ಪಕ್ಷವೆಂದು ತಿಳಿಯದಾಗಿದೆ. ಅಮ್ಮಿ ಮೂರು ಸಲ ಕೂಗಿದರೂ ಹುಡುಗ ಏಳುವುದಿಲ್ಲ. ಮೊದಲಾಗಿದ್ದರೆ ಬೇಅದಬಿ ಎಂದು ಗದರುತ್ತಿದ್ದೆವು. "ಮಾಮು, ಗಾಯ ಮಾಯಿಸುವವನು ನಾನೇ. ಈಗ ಎದ್ದರೆ ನಾಲ್ಕೂ ಜನ ಸಾಯ್ತಾರೆ" ಎನ್ನುತ್ತಾನೆ. ಅಮ್ಮಿಗೆ ಇದನ್ನು ಹೇಗೆ ಬಿಡಿಸಿ ಹೇಳುವುದು? ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಹುಡುಗ ಓದುತ್ತಿದ್ದಾನೆ ಎಂದು ಸುಳ್ಳು ಹೇಳುತ್ತೇವೆ.